ಶಿಬಿರಕ್ಕೆ ಬಾರದವರು

ಸ್ವಯಂಸೇವಾ ಸಂಸ್ಥೆಗಳ ವಾರ್ಷಿಕ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಬಾರದವರ ಲೆಕ್ಕವನ್ನು. ಎಷ್ಟು ಜನರಿಗೆ ನೆರವು ತಲುಪಿತು ಎಂಬುದು ಎಲ್ಲ ವರದಿಗಳಲ್ಲೂ ಇರುತ್ತದೆ, ಅದೂ ಮೊದಲ ಪುಟದಲ್ಲೇ ದಪ್ಪ ಅಕ್ಷರಗಳಲ್ಲಿ. ಹೆಸರು ಬರೆಸಿಯೂ ಬಾರದವರು, ಬಂದು ಅರ್ಧಕ್ಕೇ ಬಿಟ್ಟವರು, ಸುದ್ದಿಯೇ ಗೊತ್ತಾಗದೆ ಹೆಸರನ್ನೂ ಬರೆಸದವರು ಎಷ್ಟು ಮಂದಿ ಎಂಬುದು ಅಪರೂಪಕ್ಕೆ ಎಲ್ಲೋ ಒಂದು ಕಡೆ ಸಿಗುತ್ತದೆ. ಸಿಕ್ಕಿದ ಕಡೆ ಆ ಸಂಸ್ಥೆಯ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಅಲ್ಲಿ ಯಾರೋ ಒಬ್ಬರು ರಿಜಿಸ್ಟರ್ ತೆರೆದು ಕೂತು, ಟಿಕ್ ಬೀಳದ ಹೆಸರುಗಳ ಮೇಲೆ ಬೆರಳಿಟ್ಟು, 'ಇವರು ಯಾಕೆ ಬರಲಿಲ್ಲ' ಎಂದು ಕೇಳಿದ್ದಾರೆ.

ಬಡವರಿಗೆ, ಅಂಗವೈಕಲ್ಯ ಇರುವವರಿಗೆ, ಒಂಟಿಯಾಗಿರುವ ವೃದ್ಧರಿಗೆ, ಊರು ಬಿಟ್ಟು ಬಂದ ಕೂಲಿಯವರಿಗೆ ಎಂದು ನಡೆಯುವ ಯಾವ ಸೇವೆಯನ್ನೇ ನೋಡಿ, ಅದು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಅಲ್ಲಿಗೆ ಬರಲಾಗದ ಸ್ಥಿತಿಯಲ್ಲಿರುತ್ತಾರೆ. ಒಂದು ದಿನದ ಕೂಲಿ ತಪ್ಪಿಸಿಕೊಳ್ಳುವಂತಿಲ್ಲ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ. ಬಸ್ಸು ಹತ್ತಿಸಿ ಇಳಿಸಲು ಜೊತೆಗೆ ಜನ ಬೇಕು. ಹಿಂದೆ ಒಮ್ಮೆ ಇಂಥದ್ದೇ ಒಂದು ಕಚೇರಿಗೆ ಹೋಗಿ ಗದರಿಸಿಕೊಂಡು ಬಂದ ನೆನಪು ಇನ್ನೂ ಆರಿಲ್ಲ. ಆದ್ದರಿಂದ ಬಾಗಿಲು ತೆರೆದಿಟ್ಟು 'ಎಲ್ಲರಿಗೂ ಉಚಿತ' ಎಂದು ಬೋರ್ಡು ಹಾಕಿದರೆ ಮೊದಲು ಬಂದು ನಿಲ್ಲುವವರು ಬಡವರಲ್ಲಿ ತುಸು ಗಟ್ಟಿ ಇರುವವರು. ಅವರೂ ಅರ್ಹರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬಂದರೆಂದು ಕೆಲಸ ಮುಗಿಯಿತು ಎಂದುಕೊಳ್ಳುವ ಸಂಸ್ಥೆ, ತಾನು ಹುಟ್ಟಿದ್ದು ಯಾರಿಗಾಗಿ ಎಂಬುದನ್ನೇ ಮರೆಯುತ್ತದೆ.

ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಕಥೆ ಬಹಳ ಜನರಿಗೆ ಗೊತ್ತಿದೆ. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಗಳೊಂದಿಗೆ ಶುರು ಮಾಡಿದ್ದು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಹಣ ಕೊಡಬಲ್ಲವರಿಂದ ಪಡೆದು, ಕೊಡಲಾಗದವರಿಗೆ ಉಚಿತವಾಗಿ ಮಾಡುವ ಅವರ ಪದ್ಧತಿಯನ್ನು ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಸಂಗತಿ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಕಣ್ಣಿನ ಶಿಬಿರಗಳು ನಿಜಕ್ಕೂ ಎಷ್ಟು ಜನರನ್ನು ಮುಟ್ಟುತ್ತಿವೆ ಎಂದು ತಿಳಿಯಲು ನಡೆದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕಣ್ಣಿನ ತೊಂದರೆ ಇದ್ದವರಲ್ಲಿ ಶಿಬಿರಕ್ಕೆ ಬಂದವರು ನೂರಕ್ಕೆ ಸುಮಾರು 7 ಮಂದಿ ಮಾತ್ರ! ಉಳಿದವರಿಗೆ ಭಯವಿತ್ತು, ಖರ್ಚಿನ ಚಿಂತೆಯಿತ್ತು, ಮನೆ ಬಿಟ್ಟು ಬರಲಾಗದ ಜವಾಬ್ದಾರಿಯಿತ್ತು. 'ವಯಸ್ಸಾಯಿತು, ಇನ್ನು ಕಣ್ಣು ಕಂಡು ಏನಾಗಬೇಕು' ಎಂಬ ಭಾವನೆಯೂ ಇತ್ತು. ಶಸ್ತ್ರಚಿಕಿತ್ಸೆಯ ಹಣವನ್ನು ಮನ್ನಾ ಮಾಡಿದ ಮಾತ್ರಕ್ಕೆ ಇವೆಲ್ಲ ಮನ್ನಾ ಆಗುವುದಿಲ್ಲ. ಈ ಅರಿವಿನಿಂದಲೇ ಅರವಿಂದ ಮುಂದೆ ಹಳ್ಳಿಗಳ ಹತ್ತಿರವೇ ವರ್ಷವಿಡೀ ತೆರೆದಿರುವ ಪುಟ್ಟ ಕಣ್ಣಿನ ಕೇಂದ್ರಗಳನ್ನು ಕಟ್ಟಿತು. ಅಲ್ಲಿ ತರಬೇತಿ ಪಡೆದ ಸಿಬ್ಬಂದಿ ಪರೀಕ್ಷೆ ಮಾಡುತ್ತಾರೆ, ದೂರದ ಆಸ್ಪತ್ರೆಯಲ್ಲಿರುವ ವೈದ್ಯರು ವಿಡಿಯೋದಲ್ಲಿ ಮಾತಾಡುತ್ತಾರೆ. ಒಂದು ದಿನದ ಶಿಬಿರಕ್ಕೆ ಬಾರದವರು ಇನ್ನೊಂದು ದಿನ, ತಮಗೆ ಬಿಡುವಾದಾಗ ಬರಬಹುದು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಮಾಡಿದ್ದು ಇನ್ನೂ ಒಂದು ಹೆಜ್ಜೆ ಮುಂದಿನದು. 1986ರಲ್ಲಿ 'ಸರ್ಚ್' ಸಂಸ್ಥೆ ಕಟ್ಟಿದ ಈ ದಂಪತಿ, ಆದಿವಾಸಿಗಳು ಆಸ್ಪತ್ರೆ ಎಂದರೆ ಹೆದರುವುದೇಕೆ ಎಂದು ಅವರನ್ನೇ ಕೇಳಿದರು. ದೊಡ್ಡ ಕಟ್ಟಡದ ಅಂಜಿಕೆ, ಗೊತ್ತಿಲ್ಲದ ಭಾಷೆ, ರೋಗಿಯ ಜೊತೆ ಮನೆಯವರು ಇರಲಾಗದ ನಿಯಮ, ಹೀಗೆ ಒಂದೊಂದೇ ಹೊರಬಂತು. ಕೊನೆಗೆ ಕಟ್ಟಿದ ಆಸ್ಪತ್ರೆ ಗುಡಿಸಲುಗಳ ಹಾಡಿಯಂತೆ ಕಾಣುತ್ತದೆ. ಮನೆಯವರು ಜೊತೆಗಿರಲು ಜಾಗವಿದೆ, ಹೆಸರು ಆ ಜನರ ದೇವತೆ ದಂತೇಶ್ವರಿಯದ್ದು. ಅಷ್ಟಾದರೂ ನವಜಾತ ಶಿಶುಗಳು ಆಸ್ಪತ್ರೆಯ ತನಕ ಬರುತ್ತಿರಲಿಲ್ಲ. ಹಾಗಾಗಿ ಅವರು ಹಳ್ಳಿಯ ಹೆಣ್ಣುಮಕ್ಕಳಿಗೇ ಮಗುವಿನ ತೂಕ ನೋಡುವುದು, ಉಸಿರಾಟ ಎಣಿಸುವುದು, ನಂಜಿನ ಲಕ್ಷಣ ಗುರುತಿಸುವುದು, ಬೇಕಾದಾಗ ಇಂಜೆಕ್ಷನ್ ಕೊಡುವುದನ್ನು ಕಲಿಸಿ ಬಾಣಂತಿಯರ ಮನೆಗೇ ಕಳುಹಿಸಿದರು. 39 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದಲ್ಲಿ ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿದಿತ್ತು. ಅದು 1999ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇವತ್ತು ದೇಶದ ತುಂಬ ಆಶಾ ಕಾರ್ಯಕರ್ತೆಯರು ಹುಟ್ಟಿದ ಮಗುವನ್ನು ನೋಡಲು ಮನೆಗೆ ಬರುತ್ತಾರಲ್ಲ, ಅದರ ಬೇರು ಇಲ್ಲಿದೆ.

ಬಾರದವರನ್ನು ಕೆಲವೊಮ್ಮೆ ಕಾನೂನೇ ಹೊರಗಿಟ್ಟಿರುತ್ತದೆ. 1972ರಲ್ಲಿ ಇಳಾ ಭಟ್ ಅಹಮದಾಬಾದಿನಲ್ಲಿ ಸ್ವಂತ ದುಡಿಮೆಯ ಹೆಂಗಸರ 'ಸೇವಾ' ಎಂಬ ಸಂಘಟನೆಯನ್ನು ಕಾರ್ಮಿಕ ಸಂಘವಾಗಿ ನೋಂದಾಯಿಸಲು ಹೋದಾಗ, ಈ ಹೆಂಗಸರಿಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಹೋರಾಡುತ್ತೀರಿ ಎಂದು ಇಲಾಖೆ ತಕರಾರು ತೆಗೆಯಿತು. ತಲೆಹೊರೆ ಹೊರುವವರು, ಬೀದಿಬದಿ ಮಾರುವವರು, ಮನೆಯಲ್ಲೇ ಕೂತು ಹೊಲಿಯುವವರು ಕಾರ್ಮಿಕರ ಪಟ್ಟಿಯಲ್ಲೇ ಇರಲಿಲ್ಲ. ಎರಡು ವರ್ಷದ ನಂತರ 4,000 ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕು ಕಟ್ಟಿಕೊಂಡರು. ಸಹಿ ಹಾಕಲು ಬಾರದವರನ್ನು ಗುರುತಿಸಲು ಫೋಟೋ ಬಳಸಿದರು. ಸಣ್ಣ ಉಪಾಯ ಅನ್ನಿಸಬಹುದು, ಆದರೆ ಬ್ಯಾಂಕಿನ ಬಾಗಿಲಲ್ಲಿ ಅಷ್ಟು ವರ್ಷ ಅವರನ್ನು ತಡೆದು ನಿಲ್ಲಿಸಿದ್ದೇ ಒಂದು ಸಹಿ.

ಈಗ ನನಗೆ ಬಹಳ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಅಲ್ಲಿಗೆ ಮದ್ದು ಸಿಕ್ಕಿತ್ತು. ಆದರೆ ಮದ್ದು ಸಿಗುವುದು ಬೇರೆ, ಅದು ಪ್ರತಿ ತಾಯಿಯ ಕೈ ಸೇರುವುದು ಬೇರೆ. ಆ ಎರಡನೆಯ ಕೆಲಸವನ್ನು ಬಾಂಗ್ಲಾದೇಶದಲ್ಲಿ ಕೈಗೆತ್ತಿಕೊಂಡದ್ದು ಬ್ರಾಕ್. ಯುದ್ಧ ಮುಗಿದು ಮರಳಿ ಬಂದ ನಿರಾಶ್ರಿತರಿಗೆ ನೆರವಾಗಲು ಫಜ್ಲೆ ಹಸನ್ ಅಬೇದ್ 1972ರಲ್ಲಿ ಕಟ್ಟಿದ ಸಂಸ್ಥೆ ಅದು.

1980ರಿಂದ 1990ರ ತನಕ ಬ್ರಾಕ್ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಾಯಂದಿರಿಗೆ ಕಲಿಸಿದ್ದು ಇಷ್ಟೇ: ಮೂರು ಬೆರಳಲ್ಲಿ ಹಿಡಿದಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಂಗಡಿಯ ಪೊಟ್ಟಣ ಬೇಡ, ಅಳತೆಯ ಚಮಚ ಬೇಡ, ಓದು ಬರಹವೂ ಬೇಡ. 1.2 ಕೋಟಿಗೂ ಹೆಚ್ಚು ಮನೆಗಳನ್ನು ಅವರು ಹೀಗೆ ಮುಟ್ಟಿದರು. ಆ ಸಂಖ್ಯೆಯನ್ನು ಓದಿ ಬೆರಗಾಗುವವರು ಅದರ ಹಿಂದಿನ ವ್ಯವಸ್ಥೆಯನ್ನೂ ನೋಡಬೇಕು. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳು ಎಂದು ಲೆಕ್ಕ ಹಾಕಿ ಸಂಬಳ ಕೊಡಲಿಲ್ಲ. ಕೆಲವು ವಾರ ಕಳೆದ ಮೇಲೆ ಬೇರೊಂದು ತಂಡ ಅವೇ ಮನೆಗಳಲ್ಲಿ ಕೆಲವನ್ನು ಆಯ್ದು ಹೋಗುತ್ತಿತ್ತು. ತಾಯಿಗೆ ಏನೇನು ನೆನಪಿದೆ, ದ್ರಾವಣವನ್ನು ಸರಿಯಾಗಿ ಮಾಡಬಲ್ಲಳೇ ಎಂದು ನೋಡುತ್ತಿತ್ತು. ಕಲಿಸಿದವಳ ಸಂಬಳ ನಿಂತಿದ್ದು ಆ ತಾಯಿಯ ನೆನಪಿನ ಮೇಲೆ. ಕಲಿತವಳ ತಲೆಯಲ್ಲಿ ಏನು ಉಳಿಯಿತು ಎಂಬುದನ್ನೇ ಕೆಲಸದ ಅಳತೆ ಮಾಡಿದ ಇಂಥ ಉದಾಹರಣೆ ನನಗೆ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ.

ಅಷ್ಟು ಮಾಡಿದರೂ ಮೊದಮೊದಲು ಒಂದು ತೊಡಕು ಎದುರಾಯಿತು. ತಾಯಂದಿರಿಗೆ ವಿಧಾನ ಬಾಯಿಪಾಠವಾಗಿತ್ತು, ಆದರೆ ಮಗುವಿಗೆ ಭೇದಿಯಾದಾಗ ಅದನ್ನು ಮಾಡಿ ಕುಡಿಸುತ್ತಿದ್ದವರು ತೀರಾ ಕಡಿಮೆ. ಯಾಕೆಂದು ಹುಡುಕುತ್ತಾ ಹೋದಾಗ ತಿಳಿದದ್ದು, ಕಲಿಸುವ ಕಾರ್ಯಕರ್ತೆಯರಲ್ಲೇ ಹಲವರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ, ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು. ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ, ಹಾಗಾಗಿ ಅವರ ಬೆಂಬಲವೂ ಇರಲಿಲ್ಲ. ಬ್ರಾಕ್ ಸಿಬ್ಬಂದಿಯ ತರಬೇತಿಯನ್ನೇ ಬದಲಿಸಿತು, ದ್ರಾವಣ ಕುಡಿದು ರೋಗಿ ಚೇತರಿಸಿಕೊಳ್ಳುವುದನ್ನು ಅವರಿಗೆ ಕಣ್ಣಾರೆ ತೋರಿಸಿತು, ಗಂಡಸರ ಜೊತೆ ಮಾತಾಡಲು ಸಂತೆ, ಮಸೀದಿ, ಶಾಲೆಗಳಿಗೆ ಹೋಯಿತು. ಮನೆಗೆ ಮತ್ತೆ ಹೋಗಿ ಕೇಳದಿದ್ದರೆ ಇದಾವುದೂ ಗೊತ್ತಾಗುತ್ತಲೇ ಇರಲಿಲ್ಲ. ವರದಿಯಲ್ಲಿ ತಲುಪಿದ ಮನೆಗಳ ಸಂಖ್ಯೆ ಏರುತ್ತಲೇ ಇರುತ್ತಿತ್ತು, ಮಕ್ಕಳು ಮೊದಲಿನಂತೆಯೇ ಸಾಯುತ್ತಿದ್ದರು.

ನಾನು ಬಿಡುವಿನಲ್ಲಿ ಕೈಜೋಡಿಸುವ ಒಂದು ಚಿಕ್ಕ ಸಂಸ್ಥೆ ಶ್ರವಣ ಸಾಧನ ಹಂಚುತ್ತದೆ. ಕೊಟ್ಟು ಕೆಲವು ತಿಂಗಳಾದ ಮೇಲೆ ಮನೆಗೆ ಹೋಗಿ ನೋಡಿಬರುವ ಕಾರ್ಯಕರ್ತೆಯ ಜೊತೆ ನಾನೂ ಹೋಗುತ್ತೇನೆ. ಒಂದು ಮನೆಯಲ್ಲಿ ಅಜ್ಜಿ ನಮ್ಮನ್ನು ಕೂರಿಸಿ, ಒಳಗಿನಿಂದ ತಗಡಿನ ಡಬ್ಬಿ ತಂದರು. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟ ಸಾಧನ ಅದರೊಳಗಿತ್ತು, ಹೊಸದರಂತೆ ಹೊಳೆಯುತ್ತಿತ್ತು.

"ಹಾಕ್ಕೊಳ್ತಿಲ್ವಾ ಅಜ್ಜಿ?" ಅಂತ ಕಾರ್ಯಕರ್ತೆ ಕಿವಿಯ ಹತ್ತಿರ ಬಾಗಿ ಕೇಳಿದಳು.

"ಕೂಗುತ್ತೆ ಕಣಮ್ಮ. ಕೂಗೋದು ನಿಂತ ಮೇಲೆ ಸತ್ತೇ ಹೋಯ್ತು."

ಅವಳು ಸಾಧನವನ್ನು ಅಜ್ಜಿಯ ಕಿವಿಗಿಟ್ಟು ನೋಡಿದಳು. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿತ್ತು. ಸಡಿಲವಿದ್ದರೆ ಹೊರಬಂದ ಸದ್ದು ಮತ್ತೆ ಮೈಕಿಗೆ ನುಗ್ಗಿ ಶಿಳ್ಳೆ ಹೊಡೆಯುತ್ತದೆ, ಆ 'ಕೂಗು' ಅದೇ. ಆಮೇಲೆ ಬ್ಯಾಟರಿ ಕೇಳಿದಳು. ಅಜ್ಜಿ ತೋರಿಸಿದ ಪೊಟ್ಟಣದಲ್ಲಿ ಒಂದೂ ಕೆಲಸ ಮಾಡುತ್ತಿರಲಿಲ್ಲ. ಈ ಗುಂಡಿ ಬ್ಯಾಟರಿಗಳ ಬೆನ್ನಿಗೆ ಒಂದು ಚಿಕ್ಕ ಸ್ಟಿಕ್ಕರ್ ಇರುತ್ತದೆ, ಅದನ್ನು ಕಿತ್ತ ಕೂಡಲೇ ಸಣ್ಣ ತೂತುಗಳಿಂದ ಗಾಳಿ ಒಳಹೋಗಿ ಬ್ಯಾಟರಿ ಕೆಲಸ ಶುರು ಮಾಡುತ್ತದೆ. ಬಳಸಿದರೂ ಬಳಸದಿದ್ದರೂ ಅಲ್ಲಿಂದ ಅದರ ಆಯಸ್ಸು ಇಳಿಯುತ್ತಲೇ ಹೋಗುತ್ತದೆ. ಅಜ್ಜಿ ಮೊದಲ ದಿನವೇ ಎಲ್ಲ ಸ್ಟಿಕ್ಕರ್‌ಗಳನ್ನೂ ಕಿತ್ತು, ಚೊಕ್ಕಟವಾಗಿ ಜೋಡಿಸಿಟ್ಟಿದ್ದರು. ಶಿಬಿರದ ಗದ್ದಲದಲ್ಲಿ ಯಾರೋ ಇದನ್ನೆಲ್ಲ ಹೇಳಿಯೇ ಇದ್ದಿರಬೇಕು. ಆದರೆ ಕಿವಿ ಕೇಳಿಸದವರಿಗೆ, ನೂರಾರು ಜನರ ನಡುವೆ, ಸಾಧನ ಕಿವಿಗೇರುವ ಮೊದಲೇ ಬಾಯಲ್ಲಿ ಹೇಳಿದ ಸೂಚನೆ ಹೇಗೆ ದಾಟುತ್ತದೆ?

ಅಂದು ಕಾರ್ಯಕರ್ತೆ ಅಲ್ಲಿ ಕಳೆದದ್ದು ಒಂದು ಗಂಟೆಗೂ ಹೆಚ್ಚು. ಹೊಸ ಅಚ್ಚಿಗೆ ಅಳತೆ ತೆಗೆದಳು, ಸ್ಟಿಕ್ಕರ್ ಯಾವಾಗ ಕೀಳಬೇಕೆಂದು ಅಜ್ಜಿಯ ಕೈಯಿಂದಲೇ ಮಾಡಿಸಿದಳು, ರಾತ್ರಿ ಬ್ಯಾಟರಿಯ ಬಾಗಿಲು ತೆಗೆದಿಡಲು ಮೊಮ್ಮಗಳಿಗೆ ತೋರಿಸಿದಳು. ಸಂಸ್ಥೆಯ ವರದಿಯಲ್ಲಿ ಆ ಅಜ್ಜಿ ಶಿಬಿರದ ದಿನವೇ ಫಲಾನುಭವಿಯಾಗಿ ಎಣಿಕೆಗೆ ಸೇರಿಯಾಗಿತ್ತು. ಹಾಗಾಗಿ ಅಂದಿನ ಒಂದು ಗಂಟೆಯಿಂದ ಯಾವ ಅಂಕಿಯೂ ಏರಲಿಲ್ಲ. ಅಜ್ಜಿಗೆ ಸಾಧನ ನಿಜವಾಗಿ ದಕ್ಕಿದ್ದು ಮಾತ್ರ ಅಂದೇ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಕನ್ನಡಕ, ಗಾಲಿಕುರ್ಚಿ, ಶ್ರವಣ ಸಾಧನದಂಥ ಒಂದಾದರೂ ಸಾಧನ ಬೇಕು. ಶ್ರೀಮಂತ ದೇಶಗಳಲ್ಲಿ ಶೇ 90ರ ತನಕ ಜನರಿಗೆ ಅವು ದೊರೆತರೆ, ಕೆಲವು ಬಡ ದೇಶಗಳಲ್ಲಿ ದೊರೆಯುವುದು ಶೇ 3ರಷ್ಟು ಜನರಿಗೆ. ಈ ಅಂತರ ನೋಡಿದಾಗ 'ಮೊದಲು ಹಂಚೋಣ, ಉಳಿದದ್ದು ಆಮೇಲೆ' ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಳತೆಗೆ ಸರಿಹೊಂದದ ಗಾಲಿಕುರ್ಚಿಯಲ್ಲಿ, ಮೆತ್ತೆಯಿಲ್ಲದೆ ದಿನವಿಡೀ ಕೂತವರಿಗೆ ಒತ್ತಡದ ಹುಣ್ಣಾಗುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶವೇ ತಿಳಿಯದವರಿಗೆ ಆ ಹುಣ್ಣು ಜೀವವನ್ನೇ ತೆಗೆಯಬಹುದು. ಅದಕ್ಕೇ 2008ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಾಲಿಕುರ್ಚಿ ಸೇವೆಗೆ ಎಂಟು ಹಂತಗಳನ್ನು ಹೇಳಿತು. ಅಳತೆ, ಹೊಂದಾಣಿಕೆ, ಬಳಸುವವರಿಗೆ ತರಬೇತಿ, ಕೊನೆಯಲ್ಲಿ ಮರುಭೇಟಿ ಮತ್ತು ರಿಪೇರಿ ಅದರಲ್ಲಿ ಸೇರಿವೆ. ವೇದಿಕೆಯ ಮೇಲೆ ಸಾಲಾಗಿ ಗಾಲಿಕುರ್ಚಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದು ಆ ಎಂಟರಲ್ಲಿ ಎಲ್ಲೂ ಇಲ್ಲ. ಅಂಥ ಫೋಟೋ ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಮರುಭೇಟಿಗೆ ಹಣ ಎಲ್ಲಿಂದ ಬರಬೇಕು? ಸಂಸ್ಥೆಗಳ ಒಳಗೆ ಕೂತವರಿಗೆ ನಿದ್ದೆ ಬಾರದಂತೆ ಮಾಡುವ ಪ್ರಶ್ನೆ ಇದು. ದಾನಿಗಳು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, 'ನಮ್ಮ ದುಡ್ಡು ಪೂರ್ತಿ ಬಡವರಿಗೇ ಹೋಗುತ್ತದೆ ತಾನೇ? ಸಂಬಳ, ಓಡಾಟಕ್ಕೆ ಖರ್ಚಾಗುವುದಿಲ್ಲ ತಾನೇ?' ಎಂದು. ಸಾಧನ ಕೊಳ್ಳಲು ಹಣ ಸಿಗುತ್ತದೆ. ಅದನ್ನು ಕಿವಿಗೆ ಕೂರಿಸುವವಳ ಸಂಬಳಕ್ಕೆ, ಅವಳ ಬಸ್ ಚಾರ್ಜಿಗೆ, ಬಾರದವರಿಗೆ ಮಾಡುವ ಫೋನಿಗೆ ಹಣ ಕೇಳಿದರೆ ಮುಖ ಸಪ್ಪಗಾಗುತ್ತದೆ. ಈ ಭಯದಿಂದ ಸಂಸ್ಥೆಗಳೂ ಆ ಖರ್ಚನ್ನು ಕಡಿಮೆ ಮಾಡಿ ತೋರಿಸುತ್ತವೆ. ಕಡಿಮೆ ತೋರಿಸಿದ್ದನ್ನು ನೋಡಿ ದಾನಿಗಳು ಮುಂದಿನ ವರ್ಷ ಇನ್ನೂ ಕಡಿಮೆ ನಿರೀಕ್ಷಿಸುತ್ತಾರೆ. ಕೊನೆಗೆ ಅನುಭವಸ್ಥ ಕಾರ್ಯಕರ್ತೆ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾಳೆ. ಯಾವ ಮನೆಗೆ ಯಾವ ಹೊತ್ತಿಗೆ ಹೋದರೆ ಆ ಹೆಂಗಸು ಒಬ್ಬಳೇ ಸಿಗುತ್ತಾಳೆ, ಯಾರ ಮುಂದೆ ಯಾವ ಮಾತು ಎತ್ತಬಾರದು, ಯಾರು ಹೆದರಿ 'ಚೆನ್ನಾಗಿದ್ದೀನಿ' ಅನ್ನುತ್ತಾರೆ ಎಂಬುದೆಲ್ಲ ಅವಳ ಜೊತೆಯೇ ಹೋಗುತ್ತದೆ. ಇದಾವುದೂ ಯಾವ ಫೈಲಿನಲ್ಲೂ ಬರೆದಿಲ್ಲ.

ಅಮೆರಿಕದಲ್ಲಿ ಇದನ್ನು ಬಹಿರಂಗವಾಗಿ ಹೇಳಿದ್ದು, ಆಡಳಿತ ವೆಚ್ಚದ ಲೆಕ್ಕ ಹಿಡಿದು ಸಂಸ್ಥೆಗಳನ್ನು ತೂಗುವುದನ್ನು ಜನರಿಗೆ ರೂಢಿ ಮಾಡಿಸಿದ ವಲಯದವರೇ. ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಮೂರು ಸಂಸ್ಥೆಗಳ ಮುಖ್ಯಸ್ಥರು 2013ರಲ್ಲಿ ದಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರು ಒಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ, ಪಾರದರ್ಶಕತೆ, ನಾಯಕತ್ವ, ಫಲಿತಾಂಶಗಳನ್ನು ನೋಡಿ ಎಂದು ಕೇಳಿಕೊಂಡರು. ಭಾರತದಲ್ಲಿ ಕಾನೂನು ಎದುರು ದಿಕ್ಕಿನಲ್ಲಿ ಸಾಗಿತು. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲನ್ನು ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಶೇ 50ರಿಂದ 20ಕ್ಕೆ ಇಳಿಸಿತು, ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿತು. ದೂರದ ಹಳ್ಳಿಗಳಲ್ಲಿ ಇಬ್ಬರು ಮೂವರನ್ನಿಟ್ಟುಕೊಂಡು ನಡೆಯುವ, ದೊಡ್ಡ ಸಂಸ್ಥೆಯೊಂದರ ಮೂಲಕ ಅಷ್ಟಿಷ್ಟು ಹಣ ಪಡೆಯುತ್ತಿದ್ದ ಪುಟ್ಟ ಸಂಸ್ಥೆಗಳಿಗೆ ಇದು ದೊಡ್ಡ ಪೆಟ್ಟು. ದುಡ್ಡು ನುಂಗುವವರು ಇಲ್ಲವೆಂದಲ್ಲ. ಲೆಕ್ಕ ಕೇಳಲೇಬೇಕು, ಗಟ್ಟಿಯಾಗಿಯೇ ಕೇಳಬೇಕು. ಆದರೆ ಶೇಕಡಾವಾರು ಮಿತಿಗೆ ಕಳ್ಳ ಸುಲಭವಾಗಿ ಹೊಂದಿಕೊಳ್ಳುತ್ತಾನೆ, ಪ್ರಾಮಾಣಿಕರು ಅದರಡಿ ಸಿಕ್ಕಿ ನಲುಗುತ್ತಾರೆ.

ತಲೆ ಎಣಿಕೆಯ ಮೇಲೆ ಅನುದಾನ ಕೊಡುವುದರಿಂದ ಇನ್ನೊಂದು ಕೇಡೂ ಇದೆ. ನೂರು ಜನರಿಗೆ ಕೆಲಸ ಕೊಡಿಸಿದರೆ ಇಷ್ಟು ಹಣ ಎಂದು ನಿಗದಿ ಮಾಡಿದರೆ, ಹೇಗಿದ್ದರೂ ಕೆಲಸ ಸಿಗಬಹುದಾಗಿದ್ದ ನೂರು ಜನರನ್ನೇ ಆರಿಸಿಕೊಳ್ಳುವ ಒತ್ತಡ ಬೀಳುತ್ತದೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು, ಜೈಲಿನಿಂದ ಬಂದವರು, ಮಾತು ತೊದಲುವವರು ಪಟ್ಟಿಯ ತಳಕ್ಕೆ ಜಾರುತ್ತಾರೆ. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಗುರಿ ಮುಟ್ಟಬೇಕು, ಮಾರ್ಚ್ ಮುಗಿಯುತ್ತಿದೆ, ಅಷ್ಟೇ. ಒಬ್ಬ ಕಷ್ಟದ ಮನುಷ್ಯನಿಗೆ ಆರು ತಿಂಗಳು ಕೊಟ್ಟ ಸಂಸ್ಥೆ, ಆರು ಜನ ಸುಲಭದವರಿಗೆ ಒಂದೊಂದು ತಿಂಗಳು ಕೊಟ್ಟ ಸಂಸ್ಥೆಗಿಂತ ಕಾಗದದ ಮೇಲೆ ಹಿಂದುಳಿದಂತೆ ಕಾಣುತ್ತದೆ. ಇದನ್ನು ಬದಲಿಸಬಲ್ಲವರು ಹಣ ಕೊಡುವವರು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಸಮಿತಿಗಳಲ್ಲಿ ಕೂತಿರುವ ಓದುಗರಿದ್ದರೆ ಅವರಲ್ಲಿ ನನ್ನ ವಿನಂತಿ ಇದು: ಅರ್ಜಿ ನಮೂನೆಯಲ್ಲಿ ಮರುಭೇಟಿಗೆಂದೇ ಒಂದು ಬಾಬ್ತು ಇಡಿ, ಅದನ್ನು ಖಾಲಿ ಬಿಟ್ಟ ಸಂಸ್ಥೆಯನ್ನು ಯಾಕೆಂದು ಕೇಳಿ, ಒಂದು ವರ್ಷದ ಬದಲು ಐದು ವರ್ಷಕ್ಕೆ ಮಾತು ಕೊಡಿ.

ನಮ್ಮ ಆ ಚಿಕ್ಕ ಸಂಸ್ಥೆಗೆ ಈಚೆಗೆ ಅಂಥ ಒಬ್ಬ ದಾನಿ ಸಿಕ್ಕರು. ಹೊಸ ಸಾಧನಗಳ ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ, ಕೊಟ್ಟದ್ದೆಲ್ಲ ಕಿವಿಯಲ್ಲಿರಲಿ ಎಂದರು. ಅಂಗವೈಕಲ್ಯ ಇರುವವರ ಚಳವಳಿ ದಶಕಗಳಿಂದ 'ನಮ್ಮನ್ನು ಬಿಟ್ಟು ನಮ್ಮ ವಿಷಯ ತೀರ್ಮಾನಿಸಬೇಡಿ' ಎನ್ನುತ್ತಾ ಬಂದಿದೆ. ಅದನ್ನು ನೆನೆದು, ಆ ಹಣದಲ್ಲಿ ಮೊದಲು ಸಾಧನ ಬಳಸುವವರಲ್ಲೇ ಇಬ್ಬರನ್ನು ಕಿವಿಯ ಅಚ್ಚು ಮಾಡುವ, ಸಣ್ಣಪುಟ್ಟ ರಿಪೇರಿ ಮಾಡುವ ತರಬೇತಿಗೆ ಕಳುಹಿಸಲಾಯಿತು. ಅವರಲ್ಲೊಬ್ಬಾಕೆ ಈಗ ಮರುಭೇಟಿಗೂ ಹೋಗುತ್ತಾರೆ. ನಾವೆಲ್ಲ ಸಾಧನ ಸರಿಯಿದೆಯೇ, ಬ್ಯಾಟರಿ ಇದೆಯೇ ಎಂದು ಶುರು ಮಾಡುತ್ತಿದ್ದೆವು. ಆಕೆ ಶುರು ಮಾಡುವುದು 'ಮನೇಲಿ ನಿಮ್ಮ ಜೊತೆ ಯಾರು ಮಾತಾಡ್ತಾರೆ?' ಎಂದು. ಸಾಧನ ಡಬ್ಬಿ ಸೇರಿದ ಹಲವು ಮನೆಗಳಲ್ಲಿ ಅದಕ್ಕೆ ಉತ್ತರ 'ಯಾರೂ ಇಲ್ಲ' ಎಂದಿತ್ತು. ವರ್ಷಗಟ್ಟಲೆ ಕಿವುಡಿನಿಂದಾಗಿ ಮನೆಯವರಿಗೆ ಅವರ ಜೊತೆ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಈಗ ಭೇಟಿಯ ಫಾರಂನಲ್ಲಿ ಆ ಪ್ರಶ್ನೆ ಮೊದಲನೆಯದು. ಎದುರು ಕೂತು, ಮುಖ ನೋಡಿ, ಕಿರುಚದೆ ನಿಧಾನವಾಗಿ ಮಾತಾಡುವುದನ್ನು ಮನೆಯವರಿಗೂ ಅಲ್ಲೇ ಕಲಿಸಲಾಗುತ್ತದೆ. ಭೇಟಿಗಳು ಮೊದಲಿಗಿಂತ ಉದ್ದವಾಗಿವೆ, ದಿನಕ್ಕೆ ಮುಗಿಯುವ ಮನೆಗಳು ಕಡಿಮೆಯಾಗಿವೆ. ದಾನಿಗೆ ಕಳುಹಿಸಿದ ಮೊದಲ ವರದಿಯಲ್ಲಿ ಎರಡನ್ನೂ ಹಾಗೇ ಬರೆದಿದ್ದೇವೆ.